ಎಕ್ಸ್‌ರೇ ನೋಡಿದರು, ಸರಿ... ಏನು ಕಂಡಿತು?

ನಮ್ಮ ಕಡೆ ಮನೆಗಳಲ್ಲಿ ಎಕ್ಸ್‌ರೇಗೆ ಅಂತಲೇ ಒಂದು ಜಾಗ ಇರುತ್ತೆ. ಬೀರುವಿನ ತಲೆ ಮೇಲೆ, ಹಳೇ ಪಂಚಾಂಗ, ಎಲ್‌ಐಸಿ ಕಾಗದ, ಮದುವೆ ಆಲ್ಬಮ್ಮಿನ ಪಕ್ಕದಲ್ಲಿ ಒಂದು ದೊಡ್ಡ ಕವರು. ಒಳಗೆ ಅಜ್ಜನ ಎದೆ, ಅಮ್ಮನ ಮಂಡಿ, ಚಿಕ್ಕಪ್ಪನ ಸೊಂಟ. ಮಲೆನಾಡಾದ್ದರಿಂದ ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಫಿಲ್ಮಿನ ಮೇಲೆ ಬೂಷ್ಟು ಹಿಡಿದಿರುತ್ತೆ. ಆಮೇಲೆ ಅಜ್ಜನ ಶ್ವಾಸಕೋಶ ಯಾವುದು, ಬೂಷ್ಟು ಯಾವುದು ಅಂತ ದೇವರಿಗೇ ಗೊತ್ತು :-) ಗ್ರಹಣ ಬಂದಾಗ ಊರ ಹುಡುಗರು ಇದನ್ನೇ ಕಣ್ಣಿಗೆ ಹಿಡಿದು ಸೂರ್ಯನನ್ನು ನೋಡುವುದೂ ಉಂಟು. (ಹಾಗೆ ಮಾಡಬೇಡಿ ಮಾರಾಯ್ರೆ, ಕಣ್ಣು ಹೋಗುತ್ತೆ.)

ಇದರಲ್ಲಿ ಒಂದು ವಿಷಯ ಗಮನಿಸಿ. ನಮ್ಮಲ್ಲಿ ಬಹಳಷ್ಟು ಕಡೆ ಫಿಲ್ಮು ಪೇಷಂಟಿನ ಜೊತೆ ಮನೆಗೆ ಹೋಗುತ್ತೆ. ದುಡ್ಡು ಕೊಟ್ಟವರು ನಾವು, ಹಾಗಾಗಿ ಚಿತ್ರವೂ ನಮ್ಮದೇ. ಆಸ್ಪತ್ರೆಯಲ್ಲಿ ಉಳಿಯುವುದು ಡಾಕ್ಟರು ಕೇಸ್ ಶೀಟಿನಲ್ಲಿ ಬರೆದ ಒಂದೋ ಎರಡೋ ಶಬ್ದ. ಹೊರರೋಗಿಯಾದರೆ ಅದೂ ಚೀಟಿಯಲ್ಲೇ ಬರೆದು ನಮ್ಮ ಕೈಗೆ ಕೊಡುತ್ತಾರೆ. ಹಾಗಾದರೆ ಆ ಒಂದೆರಡು ಶಬ್ದ ಎಷ್ಟು ಮುಖ್ಯ ಅಂತ ಯೋಚಿಸಿದ್ದೀರಾ? ನಾನೂ ಯೋಚಿಸಿರಲಿಲ್ಲ, ಕೆಲಸದ ನೆಪದಲ್ಲಿ ಈ ವಿಷಯ ನನ್ನ ಮೇಜಿಗೆ ಬಂದು ಬೀಳುವವರೆಗೆ.

ನಾನಿರೋ ಟೀಮು ಆಸ್ಪತ್ರೆಗಳಿಗೆ ರೆಕಾರ್ಡ್ ಇಡುವ ಸಾಫ್ಟ್‌ವೇರ್ ಮಾಡುತ್ತೆ. ಕ್ಲೈಂಟು ಇಂಗ್ಲೆಂಡಿನವರು. ಅವರು ಕಳಿಸಿದ ರಿಕ್ವೈರ್‌ಮೆಂಟ್ ಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು: ವಾರ್ಡಿನ ಡಾಕ್ಟರು ಎಕ್ಸ್‌ರೇ ನೋಡಿದ ಮೇಲೆ ತಮಗೆ ಏನು ಕಂಡಿತು ಅನ್ನುವುದನ್ನು ದಾಖಲಿಸದೆ ಮುಂದಿನ ಸ್ಕ್ರೀನಿಗೆ ಹೋಗುವ ಹಾಗಿರಬಾರದು. ನಮ್ಮ ಟೀಮಿನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ. ಎಕ್ಸ್‌ರೇಗೆ ರಿಪೋರ್ಟ್ ಬರೆಯೋದಕ್ಕೆ ರೇಡಿಯಾಲಜಿಸ್ಟ್ ಇದ್ದಾರಲ್ಲ, ಮತ್ತೆ ಇವರ್‍ಯಾಕೆ ಬರೀಬೇಕು?

ಉತ್ತರ ಸುಲಭವಾಗಿದೆ. ಎಕ್ಸ್‌ರೇ ತೆಗೆದ ಕೂಡಲೇ ರೇಡಿಯಾಲಜಿಸ್ಟ್ ನೋಡುವುದಿಲ್ಲ. ಅವರ ರಿಪೋರ್ಟು ಸಂಜೆಗೆ ಬರಬಹುದು, ಮೂರು ದಿನಕ್ಕೆ ಬರಬಹುದು, ಕೆಲವು ಆಸ್ಪತ್ರೆಗಳಲ್ಲಿ ಕೆಲವು ಬಗೆಯ ಎಕ್ಸ್‌ರೇಗಳಿಗೆ ಬರುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಉಸಿರಾಟದ ತೊಂದರೆ ಅಂತ ಬಂದವರ ಎದೆಯ ಚಿತ್ರ ನೋಡಿ, ಈಗ ಏನು ಮಾಡಬೇಕು ಅಂತ ತೀರ್ಮಾನ ಮಾಡುವುದು ಡ್ಯೂಟಿಯಲ್ಲಿರುವ ಕಿರಿಯ ಡಾಕ್ಟರು. ಚಿಕಿತ್ಸೆ ನಡೆಯುವುದು ಅವರ ಕಣ್ಣಿನ ಮೇಲೆ. ಆ ಕಣ್ಣಿಗೆ ಏನು ಕಂಡಿತು ಅಂತ ಬರೆದಿಡದಿದ್ದರೆ, ಬೆಳಿಗ್ಗೆ ಡ್ಯೂಟಿಗೆ ಬಂದವರಿಗೆ ಆ ತೀರ್ಮಾನ ಯಾಕೆ ಆಯಿತು ಅಂತ ಗೊತ್ತಾಗುವುದಿಲ್ಲ.

ಇದು ಬರೀ ಆಫೀಸಿನ ಮಾತಾಗಿ ಉಳಿಯುತ್ತಿತ್ತೇನೋ. ಆದರೆ ನನ್ನ ತಮ್ಮ ಬಿದ್ದ.

2023ರ ಮಳೆಗಾಲ. ಅಂಗಳದಲ್ಲಿ ಹಾವಸೆ ಕಟ್ಟಿತ್ತು. ಕೊಟ್ಟಿಗೆಗೆ ಹೋಗುವಾಗ ಜಾರಿ, ಬಲಗೈ ಊರಿ ಬಿದ್ದ. ಮಣಿಕಟ್ಟು ಊದಿಕೊಂಡಿತು. ಅಪ್ಪ ತಾಲ್ಲೂಕು ಪೇಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಕ್ಸ್‌ರೇ ಆಯಿತು. ಡಾಕ್ಟರು ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಏನೂ ಆಗಿಲ್ಲಪ್ಪ, ಉಳುಕಿದೆ ಅಷ್ಟೆ" ಅಂದರು. ಕ್ರೇಪ್ ಬ್ಯಾಂಡೇಜು, ಐದು ದಿನಕ್ಕೆ ನೋವಿನ ಮಾತ್ರೆ. ಅಮ್ಮ ಫೋನಿನಲ್ಲಿ "ಎಂತದೂ ಆಗ್ಲಿಲ್ವಂತೆ ಮಾರಾಯ, ದೇವ್ರು ದೊಡ್ಡವನು" ಅಂದಳು. ಎಲ್ಲರಿಗೂ ಸಮಾಧಾನ.

ನೋವು ಹೋಗಲಿಲ್ಲ. ಆದರೆ ಡಾಕ್ಟರೇ ಏನೂ ಇಲ್ಲ ಅಂದಿದ್ದಾರಲ್ಲ! ಹಾಗಾಗಿ ಎಣ್ಣೆ ಹಚ್ಚಿದ್ದಾಯಿತು, ಉಳುಕು ತೆಗೆಯುವವರ ಹತ್ತಿರ ನೀವಿಸಿಕೊಂಡಿದ್ದಾಯಿತು, ನೋವು ಸಹಿಸಿಕೊಂಡು ಬೈಕ್ ಓಡಿಸಿದ್ದಾಯಿತು. ಎರಡೂವರೆ ತಿಂಗಳು ಕಳೆದ ಮೇಲೆ, ಬಕೆಟ್ ಎತ್ತಲೂ ಆಗುವುದಿಲ್ಲ ಅಂತ ಗೊತ್ತಾದಾಗ, ಬೆಂಗಳೂರಿಗೆ ಕರೆಸಿಕೊಂಡು ಒಬ್ಬ ಮೂಳೆ ಡಾಕ್ಟರಿಗೆ ತೋರಿಸಿದೆ.

ಅವರು ಮೊದಲು ಹೆಬ್ಬೆರಳಿನ ಬುಡದಲ್ಲಿರುವ ಗುಳಿಯನ್ನು ಒತ್ತಿದರು. ಹೆಬ್ಬೆರಳನ್ನು ಹಿಂದಕ್ಕೆ ಚಾಚಿದಾಗ ಎರಡು ನರಗಳ ನಡುವೆ ಒಂದು ಸಣ್ಣ ತಗ್ಗು ಕಾಣುತ್ತಲ್ಲ, ಅಲ್ಲಿ. ತಮ್ಮ ಕಿರುಚಿದ. "ಮೊದಲ ಸಲ ಹೋದಾಗ ಇಲ್ಲಿ ಒತ್ತಿ ನೋಡಿದ್ರಾ?" ಅಂತ ಕೇಳಿದರು. ತಮ್ಮನಿಗೆ ನೆನಪಿಲ್ಲ. "ಎಷ್ಟು ಕೋನದಲ್ಲಿ ಎಕ್ಸ್‌ರೇ ತೆಗೆದ್ರು?" ಅದೂ ಗೊತ್ತಿಲ್ಲ. ಫಿಲ್ಮು ತಂದಿರಲಿಲ್ಲ, ಊರಿನಲ್ಲಿ ಬೀರುವಿನ ಮೇಲಿತ್ತು! ಚೀಟಿ ಮಾತ್ರ ಪರ್ಸಿನಲ್ಲಿತ್ತು. ಅದರಲ್ಲಿ ಇದ್ದದ್ದು ಇಷ್ಟು: "ಎಕ್ಸ್‌ರೇ ರಿಸ್ಟ್ – ಎನ್.ಎ.ಡಿ." ಯಾವ ಕೈ ಅಂತಲೂ ಇಲ್ಲ.

ಎನ್.ಎ.ಡಿ. ಅಂದರೆ 'ನೋ ಅಬ್‌ನಾರ್ಮಾಲಿಟಿ ಡಿಟೆಕ್ಟೆಡ್', ದೋಷವೇನೂ ಕಂಡುಬಂದಿಲ್ಲ ಅಂತ. ಡಾಕ್ಟರುಗಳ ನಡುವೆಯೇ ಇದಕ್ಕೆ ಒಂದು ಹಳೇ ಜೋಕಿದೆ: 'ನಾಟ್ ಆಕ್ಚುಯಲಿ ಡನ್', ನಿಜವಾಗಿ ನೋಡೇ ಇಲ್ಲ ಅಂತ :-)

ಹೊಸ ಎಕ್ಸ್‌ರೇಯಲ್ಲಿ ಕಂಡದ್ದು ಸ್ಕೇಫಾಯ್ಡ್ ಅನ್ನುವ ಮೂಳೆಯ ಬಿರುಕು. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳಲ್ಲಿ ಅದೂ ಒಂದು. ಹೆಚ್ಚುಕಮ್ಮಿ ಗೇರುಬೀಜದ ಆಕಾರ. ಇದರ ವಿಚಿತ್ರ ಏನೆಂದರೆ ರಕ್ತ ಅದಕ್ಕೆ ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಹಿಂದಕ್ಕೆ ಹರಿದು ಬರುತ್ತೆ. ಹಾಗಾಗಿ ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ಸಿಗದೆ ಅದು ಕೂಡಿಕೊಳ್ಳದೇ ಉಳಿಯಬಹುದು, ಸತ್ತೂ ಹೋಗಬಹುದು. ತಮ್ಮನದು ಕೂಡಿಕೊಂಡಿರಲಿಲ್ಲ. ಸೊಂಟದಿಂದ ಚೂರು ಮೂಳೆ ತೆಗೆದು ಅಲ್ಲಿಟ್ಟು ಸ್ಕ್ರೂ ಹಾಕಿದರು.

ನಾನು ಸಿಟ್ಟಿನಲ್ಲಿ "ಅಷ್ಟು ದೊಡ್ಡ ಬಿರುಕು ಅವತ್ತು ಅವರಿಗೆ ಕಾಣಲಿಲ್ವಾ ಸಾರ್?" ಅಂತ ಕೇಳಿದೆ. ಅವರು ಹೇಳಿದ್ದು ನನ್ನ ತಲೆಯಲ್ಲಿ ಇನ್ನೂ ಕೂತಿದೆ. "ಅವತ್ತು ಕಾಣದೇ ಇರಬಹುದು. ಈ ಮೂಳೆ ಮುರಿದಾಗ ಮೊದಲ ದಿನದ ಎಕ್ಸ್‌ರೇ ಎಷ್ಟೋ ಸಲ ನಾರ್ಮಲ್ಲೇ ಬರುತ್ತೆ. ನಾನಿದ್ದರೂ ಕಾಣುತ್ತಿರಲಿಲ್ಲವೇನೋ. ಆದರೆ ಕಾಣಲಿಲ್ಲ ಅನ್ನೋದಕ್ಕೂ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ. ಗುಳಿಯಲ್ಲಿ ನೋವಿದ್ದರೆ ಮುರಿದಿದೆ ಅಂತಲೇ ತಿಳಿದು ಕೈ ಅಲ್ಲಾಡದ ಹಾಗೆ ಕಟ್ಟಿ, ಹತ್ತು-ಹದಿನಾಲ್ಕು ದಿನ ಬಿಟ್ಟು ಮತ್ತೆ ಚಿತ್ರ ತೆಗೀಬೇಕು. ಅಷ್ಟೊತ್ತಿಗೆ ಬಿರುಕು ಕಾಣಿಸಿಕೊಳ್ಳುತ್ತೆ."

ಅಂದರೆ ಚೀಟಿಯಲ್ಲಿ ಬೇಕಾಗಿದ್ದದ್ದು ಇನ್ನೊಂದೇ ಸಾಲು. "ಬಲ ಮಣಿಕಟ್ಟು, ಎರಡು ಕೋನ, ಬಿರುಕು ಕಾಣುತ್ತಿಲ್ಲ. ಹೆಬ್ಬೆರಳ ಬುಡದಲ್ಲಿ ನೋವಿದೆ. ಹತ್ತು ದಿನ ಬಿಟ್ಟು ಮತ್ತೆ ಎಕ್ಸ್‌ರೇ." ಬರೆಯಲು ಅರ್ಧ ನಿಮಿಷ. ಆ ಡಾಕ್ಟರ ಮನಸ್ಸಿನಲ್ಲಿ ಇದೆಲ್ಲ ಇತ್ತೋ ಇಲ್ಲವೋ, ಈಗ ಯಾರಿಗೂ ತಿಳಿಯುವ ದಾರಿಯೇ ಇಲ್ಲ. ನನಗೆ ಹೆಚ್ಚು ಕಿರಿಕಿರಿ ಆಗುವುದು ಅದೇ. ಅವರು ತಪ್ಪು ಮಾಡಿದರು ಅಂತ ಬೈಯಲೂ ಆಗದು, ಸರಿ ಮಾಡಿದ್ದರು ಅಂತ ಒಪ್ಪಲೂ ಆಗದು. ಮೂರು ಅಕ್ಷರದ ಹಿಂದೆ ಎಲ್ಲ ಮುಚ್ಚಿಹೋಗಿದೆ.

ನಮ್ಮ ಕಸುಬಿನವರಿಗೆ ಇದು ಬೇಗ ಅರ್ಥವಾಗುತ್ತೆ. ಕೋಡ್ ಚೆಕ್-ಇನ್ ಮಾಡುವಾಗ ಕಾಮೆಂಟಿನಲ್ಲಿ "ಬಗ್ ಫಿಕ್ಸ್" ಅಂತ ಬರೆಯುವ ಮಹಾನುಭಾವರು ಪ್ರತಿ ಟೀಮಿನಲ್ಲೂ ಇರುತ್ತಾರೆ. ಯಾವ ಬಗ್ಗು, ಏನು ನೋಡಿದೆ, ಏನು ಬಿಟ್ಟೆ, ಒಂದೂ ಇಲ್ಲ. ಆರು ತಿಂಗಳ ನಂತರ ರಾತ್ರಿ ಹನ್ನೊಂದಕ್ಕೆ ಅದನ್ನು ಓದುವ ಬಡಪಾಯಿ ಬೇರೆಯವನು. ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ಹಳೇ ಕೋಡು ಎಲ್ಲಿಗೂ ಹೋಗಿರುವುದಿಲ್ಲ, ತೆಗೆದು ನೋಡಬಹುದು. ಇಲ್ಲಿ ಚಿತ್ರ ಬೀರುವಿನ ಮೇಲೆ ಹೋಗಿ ಕೂತಿರುತ್ತೆ.

ಇನ್ನೊಂದು ಮಾತು. ಎಕ್ಸ್‌ರೇ ಅಂದರೆ ಫೋಟೋ, ಫೋಟೋದಲ್ಲಿ ಇರುವುದು ಎಲ್ಲರಿಗೂ ಒಂದೇ ಥರ ಕಾಣುತ್ತೆ ಅಂತ ನಾವು ನಂಬಿದ್ದೇವೆ. ಹಾಗೇನಿಲ್ಲ. ಅಮೆರಿಕದಲ್ಲಿ 1940ರ ದಶಕದಲ್ಲಿ ಕ್ಷಯ ಪತ್ತೆಗೆಂದು ಸಾವಿರಾರು ಜನರ ಎದೆಯ ಎಕ್ಸ್‌ರೇ ತೆಗೆಯುತ್ತಿದ್ದ ಕಾಲ. ಹೆನ್ರಿ ಗಾರ್ಲೆಂಡ್ ಅನ್ನುವ ರೇಡಿಯಾಲಜಿಸ್ಟ್ ಆ ಫಿಲ್ಮುಗಳನ್ನು ಓದುವುದರಲ್ಲಿ ಎಷ್ಟು ತಪ್ಪಾಗುತ್ತೆ ಅಂತ ಲೆಕ್ಕ ಹಾಕಿ 1949ರಲ್ಲಿ ಪ್ರಕಟಿಸಿದರು. ಕಾಯಿಲೆಯ ಗುರುತಿದ್ದ ಫಿಲ್ಮುಗಳಲ್ಲಿ ಸುಮಾರು ಶೇಕಡ 30ರಷ್ಟನ್ನು ಅನುಭವಿಗಳೇ ಗುರುತಿಸದೆ ಬಿಟ್ಟಿದ್ದರು. ಅದಕ್ಕಿಂತ ತಮಾಷೆ ಅಂದರೆ ಅದೇ ವ್ಯಕ್ತಿಗೆ ಅದೇ ಫಿಲ್ಮನ್ನು ಇನ್ನೊಮ್ಮೆ ಕೊಟ್ಟಾಗ ತನ್ನ ಅಭಿಪ್ರಾಯವನ್ನು ತಾನೇ ಬದಲಾಯಿಸುವುದೂ ಇತ್ತು. ಪರಿಣತರ ಕಥೆಯೇ ಹೀಗಿದ್ದರೆ ನಿದ್ದೆಗೆಟ್ಟ ಹೌಸ್ ಸರ್ಜನ್ನರ ಪಾಡೇನು? ಹಾಗಾಗಿ "ನಾನು ನೋಡಿದೆ" ಅನ್ನುವುದು ಸಾಲದು. ಯಾರು, ಯಾವಾಗ, ಯಾವ ಚಿತ್ರ ನೋಡಿ, ಏನು ಕಂಡರು ಅಂತ ಇದ್ದರೆ ಎರಡನೆಯವರು ಬಂದು "ಇಲ್ಲ, ಇಲ್ಲೊಂದು ನೆರಳಿದೆ" ಅನ್ನಬಹುದು.

ನಮ್ಮ ಡಾಕ್ಟರುಗಳಿಗೆ ಬರೆಯಲು ಬರುವುದಿಲ್ಲ ಅಂತಲ್ಲ. ನನ್ನ ಪಿಯುಸಿ ಸ್ನೇಹಿತೆ ಒಬ್ಬಳು ಈಗ ಉತ್ತರ ಕರ್ನಾಟಕದ ದೊಡ್ಡ ಆಸ್ಪತ್ರೆಯೊಂದರಲ್ಲಿ ಸರ್ಜರಿ ಪಿಜಿ ಮಾಡುತ್ತಿದ್ದಾಳೆ. ಅವಳು ಹೇಳಿದ ವಿಷಯ ಕೇಳಿ ನನಗೆ ನಗು ಬಂತು. ಅದೇ ಡಾಕ್ಟರು, ಅದೇ ಕ್ಯಾಶುವಾಲಿಟಿ. ಆದರೆ ಬಂದವನು ಹೊಡೆದಾಟದಲ್ಲಿ ಪೆಟ್ಟು ತಿಂದವನಾಗಿದ್ದರೆ ಬರವಣಿಗೆಯ ಗತ್ತೇ ಬೇರೆ! ಎಕ್ಸ್‌ರೇ ಪ್ಲೇಟ್ ನಂಬರ್, ದಿನಾಂಕ, ಎಡವೋ ಬಲವೋ, ಯಾವ ಮೂಳೆ, ಯಾವ ಭಾಗ, ಎಲ್ಲ ಅಚ್ಚುಕಟ್ಟು. ಯಾಕೆಂದರೆ ಅದು ಎಂ.ಎಲ್.ಸಿ. ಪೊಲೀಸರಿಗೆ ವೂಂಡ್ ಸರ್ಟಿಫಿಕೇಟ್ ಕೊಡಬೇಕು. ಮೂಳೆ ಮುರಿದಿದ್ದರೆ ಅದು ಕಾನೂನಿನ ಪ್ರಕಾರ ಘೋರ ಗಾಯ. ಹಿಂದೆ ಐಪಿಸಿ 320ರಲ್ಲಿತ್ತು, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿದೆ. ವರ್ಷಗಳ ನಂತರ ಕೋರ್ಟಿನಿಂದ ಸಮನ್ಸ್ ಬಂದರೆ ಕಟಕಟೆಯಲ್ಲಿ ನಿಂತು ಇದನ್ನೇ ಓದಿ ಹೇಳಬೇಕು. ಹಾಗಾಗಿ ಓದುವವರು ಒಬ್ಬರಿದ್ದಾರೆ ಅಂತ ಬರೆಯುವವರಿಗೆ ಗೊತ್ತು. ಅಂಗಳದಲ್ಲಿ ಜಾರಿ ಬಿದ್ದವನ ಚೀಟಿಯನ್ನು ಯಾವ ಲಾಯರು ಓದುತ್ತಾನೆ? ನನ್ನ ತಮ್ಮನಿಗೆ ಯಾರಾದರೂ ಎರಡು ಬಾರಿಸಿದ್ದರೇ ಒಳ್ಳೆಯದಿತ್ತೇನೋ :-(

ಇಲ್ಲಿ ನಿಯಮ ಇಲ್ಲವೇ ಅಂದರೆ, ಇದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿಸಂಹಿತೆಯ ಪ್ರಕಾರ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. (2023ರ ಆಗಸ್ಟಿನಲ್ಲಿ ಹೊಸ ನಿಯಮ ಬಂದು ಅದೇ ತಿಂಗಳಲ್ಲಿ ತಡೆ ಬಿತ್ತು.) ಅದರ ಜೊತೆಗಿರುವ ಮಾದರಿ ಫಾರಂನಲ್ಲಿ ಪರೀಕ್ಷೆಗಳು ಮತ್ತು ಅವುಗಳ ವರದಿ ಅಂತ ಒಂದು ಸಾಲೂ ಇದೆ. ಆ ಸಾಲಿನಲ್ಲಿ ಎನ್.ಎ.ಡಿ. ಅಂತ ಬರೆದರೂ ನಿಯಮ ಪಾಲಿಸಿದ ಹಾಗೇ! ಹೊರರೋಗಿಯಾಗಿದ್ದ ತಮ್ಮನಂಥವರಿಗೆ ಆ ಮೂರು ವರ್ಷದ ಮಾತೂ ಅನ್ವಯಿಸುವುದಿಲ್ಲ.

ಇಂಗ್ಲೆಂಡಿನವರು ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ವೈದ್ಯಕೀಯ ವಿಕಿರಣದ ಬಗ್ಗೆ 2000ದಲ್ಲಿ ಬಂದು 2017ರಲ್ಲಿ ಹೊಸದಾಗಿ ಬರೆದ ಅವರ ಕಾನೂನಿನಲ್ಲಿ, ತೆಗೆದ ಪ್ರತಿಯೊಂದು ಎಕ್ಸ್‌ರೇಗೂ ಅದರಲ್ಲಿ ಏನು ಕಂಡಿತು ಅನ್ನುವ ದಾಖಲೆ ಇರಲೇಬೇಕು. ತರ್ಕ ಚೆನ್ನಾಗಿದೆ. ಎಕ್ಸ್‌ರೇ ಅಂದರೆ ಮೈಗೆ ಚೂರಾದರೂ ವಿಕಿರಣ ಕೊಟ್ಟ ಹಾಗೆ, ಕೊಟ್ಟ ಮೇಲೆ ಅದರಿಂದ ಏನು ತಿಳಿಯಿತು ಅಂತ ಬರೆಯದಿದ್ದರೆ ಕೊಟ್ಟದ್ದು ಯಾಕೆ? ರೇಡಿಯಾಲಜಿಸ್ಟ್ ಬರೆಯದಿದ್ದರೆ ಚಿಕಿತ್ಸೆ ಕೊಡುವ ಡಾಕ್ಟರಾದರೂ ಬರೆಯಬೇಕು. ಕೇಸ್ ಶೀಟುಗಳನ್ನು ತೆಗೆದು, ಎಷ್ಟರಲ್ಲಿ ಎಕ್ಸ್‌ರೇ ಬಗ್ಗೆ ಸರಿಯಾಗಿ ಬರೆದಿದ್ದಾರೆ ಅಂತ ಎಣಿಸುವ ಆಡಿಟ್ಟುಗಳನ್ನು ಅಲ್ಲಿನ ಕಿರಿಯ ಡಾಕ್ಟರುಗಳೇ ಮಾಡುತ್ತಾರೆ.

ಹಾಗಂತ ಅಲ್ಲಿ ಎಲ್ಲ ಸರಿಯಿದೆ ಅಂದ್ಕೋಬೇಡಿ. ಪೋರ್ಟ್ಸ್‌ಮತ್ ಊರಿನ ಕ್ವೀನ್ ಅಲೆಕ್ಸಾಂಡ್ರಾ ಆಸ್ಪತ್ರೆಯ ಕಥೆ 2017ರಲ್ಲಿ ಹೊರಬಂತು. ಅಲ್ಲಿ ಕೆಲವು ವಿಭಾಗಗಳ ಎದೆಯ ಎಕ್ಸ್‌ರೇಗಳನ್ನು ರೇಡಿಯಾಲಜಿಯವರು ನೋಡದೆ, ಆಯಾ ವಿಭಾಗದ ಡಾಕ್ಟರುಗಳೇ ನೋಡಿಕೊಳ್ಳಲಿ ಅಂತ ಬಿಟ್ಟಿದ್ದರು. ತಪಾಸಣೆ ಮಾಡುವ ಕೇರ್ ಕ್ವಾಲಿಟಿ ಕಮಿಷನ್ ಹೋಗಿ ನೋಡಿದರೆ 20 ಸಾವಿರಕ್ಕೂ ಹೆಚ್ಚು ಎದೆಯ ಎಕ್ಸ್‌ರೇಗಳನ್ನು ರೇಡಿಯಾಲಜಿಸ್ಟಾಗಲಿ, ಸರಿಯಾದ ತರಬೇತಿ ಇದ್ದ ಬೇರೆ ಡಾಕ್ಟರಾಗಲಿ ವಿಧಿವತ್ತಾಗಿ ನೋಡಿರಲಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಇದ್ದ ಮೂವರಿಗೆ ಇದರಿಂದ ಗಂಭೀರ ತೊಂದರೆಯಾಗಿತ್ತು. ಇವರು ನೋಡುತ್ತಾರೆ ಅಂತ ಅವರು, ಅವರು ನೋಡುತ್ತಾರೆ ಅಂತ ಇವರು! ಬರೆಯುವ ಜಾಗ ಖಾಲಿ ಇದೆ ಅಂತ ಯಾರಾದರೂ ಎಣಿಸಿ ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು.

ನಮ್ಮ ಕ್ಲೈಂಟಿನ ಒಬ್ಬ ಹಿರಿಯ ಡಾಕ್ಟರು ಕಾಲ್‌ನಲ್ಲಿ ಹೇಳಿದ ಇನ್ನೊಂದು ಉದಾಹರಣೆ ರೈಲ್ಸ್ ಟ್ಯೂಬಿನದು. ನುಂಗಲಾಗದವರಿಗೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಗಂಜಿ, ಹಾಲು ಕೊಡುತ್ತಾರಲ್ಲ, ಅದು. ಲಕ್ವ ಹೊಡೆದ ಅಜ್ಜನಿಗೆ ಹಾಕಿದ್ದನ್ನು ನಾನೂ ನೋಡಿದ್ದೇನೆ. ನಳಿಗೆ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗಿದ್ದು ಗೊತ್ತಾಗದೆ ಆಹಾರ ಕೊಟ್ಟರೆ ಪ್ರಾಣವೇ ಹೋಗಬಹುದು. ಬ್ರಿಟನ್ನಿನಲ್ಲಿ ರೋಗಿಗಳ ಸುರಕ್ಷತೆ ನೋಡಿಕೊಳ್ಳುತ್ತಿದ್ದ ಸಂಸ್ಥೆ 2011ರಲ್ಲಿ ಕೊಟ್ಟ ಎಚ್ಚರಿಕೆಯ ಪ್ರಕಾರ 2005ರಿಂದ 2010ರ ನಡುವೆ ಹೀಗೆ 21 ಜನ ಸತ್ತಿದ್ದರು, 79 ಜನಕ್ಕೆ ಹಾನಿಯಾಗಿತ್ತು. ಅತಿ ದೊಡ್ಡ ಕಾರಣ, ಎಕ್ಸ್‌ರೇಯನ್ನು ತಪ್ಪಾಗಿ ಓದಿದ್ದು. ಹಾಗಾಗಿ ಏನೇನು ಬರೆಯಬೇಕು ಅಂತ ಅವರು ಬಿಡಿಸಿ ಹೇಳಿದರು. ನೋಡಿದ್ದು ಯಾರು? ನೋಡಿದ ಚಿತ್ರ ಇದೇ ರೋಗಿಯದ್ದಾ, ಇವತ್ತಿನದ್ದಾ? ನಳಿಗೆ ಹೊಟ್ಟೆಯಲ್ಲಿದೆ ಅಂತ ಯಾವ ಆಧಾರದ ಮೇಲೆ ಹೇಳ್ತೀರಿ? ಈಗ ಆಹಾರ ಕೊಡಬಹುದಾ? "ಇವತ್ತಿನದ್ದಾ" ಅನ್ನುವ ಪ್ರಶ್ನೆ ನೋಡಿ ನನಗೆ ಮೈ ಜುಂ ಅಂದಿತು. ನಿನ್ನೆಯ ಚಿತ್ರ ನೋಡಿ ಇವತ್ತಿನ ನಳಿಗೆಗೆ ಓಕೆ ಹೇಳುವುದು ಕಂಪ್ಯೂಟರ್ ಪರದೆಯಲ್ಲಿ ಎಷ್ಟು ಸುಲಭ ಅಂತ ಆ ಪರದೆ ಮಾಡುವ ನನಗೆ ಗೊತ್ತು. ಚೌಕದಲ್ಲಿ ಆಧಾರ ಬರೆಯಲು ಕೂತಾಗ ಮನುಷ್ಯ ಇನ್ನೊಂದು ಸಲ ಚಿತ್ರದ ಕಡೆ ನೋಡುತ್ತಾನೆ. ಬರವಣಿಗೆಯ ದೊಡ್ಡ ಲಾಭ ಅದೇ ಇರಬೇಕು ಅಂತ ನನ್ನ ಗುಮಾನಿ.

ಇದನ್ನೆಲ್ಲ ಪಿಜಿ ಸ್ನೇಹಿತೆಗೆ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, "ಒಂದು ದಿನ ನನ್ನ ಜೊತೆ ಬಾರೋ" ಅಂದಳು. ರಾತ್ರಿ ಪಾಳಿಯಲ್ಲಿ ಇಬ್ಬರೇ ಡಾಕ್ಟರು, ಹೊರಗೆ ಕ್ಯೂ, ಒಬ್ಬೊಬ್ಬರ ಜೊತೆಗೆ ನಾಲ್ಕು ನೆಂಟರು, ಎಲ್ಲರಿಗೂ ಅವಸರ. ಫಿಲ್ಮು ಕೈಗೆ ಬರುತ್ತೆ, ನೋಡುತ್ತಾಳೆ, ಬಾಯಲ್ಲಿ ಹೇಳುತ್ತಾಳೆ, ಬರೆಯುವಷ್ಟರಲ್ಲಿ ಇನ್ನೊಂದು ಆಂಬುಲೆನ್ಸ್. ಈಗ ವಾಟ್ಸಾಪ್ ಬೇರೆ. ಫಿಲ್ಮಿನ ಫೋಟೋ ತೆಗೆದು ಮನೆಯಲ್ಲಿರುವ ಸೀನಿಯರಿಗೆ ಕಳಿಸುತ್ತಾರೆ. ಅವರು ಹಾಸಿಗೆಯಲ್ಲೇ ಎದ್ದು ಕೂತು, ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, ಒಂದು ಹೆಬ್ಬೆರಳಿನ ಗುರುತು ಕಳಿಸುತ್ತಾರೆ. ರೋಗಿಗೆ ಅದರಿಂದ ಒಳ್ಳೆಯದೇ ಆಗುತ್ತೆ, ಇಲ್ಲವೆನ್ನುವುದಿಲ್ಲ. ಆದರೆ ಆ ಹೆಬ್ಬೆರಳು ಕೇಸ್ ಶೀಟಿಗೆ ಬರುವುದಿಲ್ಲ! ಫೋನ್ ಬದಲಾಯಿಸಿದ ದಿನ ಆ ಅಭಿಪ್ರಾಯವೂ ಹೋಯಿತು. ಅವಳಿಗೆ ಈಗ ಒಂದು ಅಭ್ಯಾಸ ಆಗಿದೆಯಂತೆ. ಸೀನಿಯರ್ ಏನಂದರು, ಎಷ್ಟು ಗಂಟೆಗೆ ಅಂದರು ಅಂತ ಶೀಟಿನ ಅಂಚಿನಲ್ಲಾದರೂ ಗೀಚಿಬಿಡುವುದು. "ನನ್ನ ಪ್ರಾಣ ಉಳಿಸ್ಕೊಳ್ಳೋಕೆ ಬರೀತೀನಿ ಕಣೋ, ಪೇಷಂಟಿಗೆ ಉಪಯೋಗ ಆದ್ರೆ ಬೋನಸ್ಸು" ಅಂದಳು. ಪ್ರಾಮಾಣಿಕ ಉತ್ತರ, ನನಗೆ ಇಷ್ಟವಾಯಿತು.

ಇನ್ನು ನಮ್ಮ ಸಾಫ್ಟ್‌ವೇರಿನ ವಿಷಯ. ಆ ಚೌಕ ಹೇಗಿರಬೇಕು ಅಂತ ಎರಡು ವಾರ ಜಗಳ ನಡೆಯಿತು. ಒಬ್ಬರು ಅಂದರು, ಡ್ರಾಪ್‌ಡೌನ್ ಕೊಡೋಣ, ನಾರ್ಮಲ್ ಅಥವಾ ಅಬ್‌ನಾರ್ಮಲ್, ಒಂದು ಕ್ಲಿಕ್ಕಿನಲ್ಲಿ ಮುಗೀತು. ಬೇಗ ಆಗಲಿ ಅಂತ ಮೊದಲೇ ನಾರ್ಮಲ್ ಅಂತ ತುಂಬಿಟ್ಟಿರೋಣ ಅನ್ನುವ ಸಲಹೆಯೂ ಬಂತು. ನಾನು ತಮ್ಮನ ಚೀಟಿಯ ಫೋಟೋ ಮೀಟಿಂಗಿನಲ್ಲಿ ತೋರಿಸಿ ಬಲವಾಗಿ ವಿರೋಧಿಸಿದೆ. ಮೊದಲೇ ತುಂಬಿಟ್ಟರೆ ನೋಡದೇ ಇದ್ದ ಎಕ್ಸ್‌ರೇ ಕೂಡ ನಾರ್ಮಲ್ ಆಗಿಬಿಡುತ್ತಲ್ಲ! ಅದು ಬಿದ್ದುಹೋಯಿತು, ಪುಣ್ಯ. ಖಾಲಿ ಚೌಕ, ಬರೆಯದೆ ಮುಂದೆ ಹೋಗುವಂತಿಲ್ಲ ಅಂತ ಮಾಡಿ ಕಳಿಸಿದೆವು.

ಪೈಲಟ್ ಶುರುವಾದ ಒಂದು ವಾರಕ್ಕೆ ಟೆಸ್ಟ್ ವಾರ್ಡಿನ ಡೇಟಾ ಬಂತು, ಹೆಸರು-ಗಿಸರು ಅಳಿಸಿದ್ದು. ತೆಗೆದು ನೋಡಿದರೆ ಹಲವು ಚೌಕಗಳಲ್ಲಿ ಇದ್ದದ್ದು ಒಂದು ಚುಕ್ಕೆ. ಬರೀ ಫುಲ್‌ಸ್ಟಾಪ್. ಕೆಲವರು ಉದಾರಿಗಳು, ಎರಡು ಚುಕ್ಕೆ ಇಟ್ಟಿದ್ದರು :-) ನಮ್ಮ ಟೆಸ್ಟರ್ ಹುಡುಗಿ "ಕನಿಷ್ಠ ಹತ್ತು ಅಕ್ಷರ ಅಂತ ರೂಲ್ ಹಾಕಿಬಿಡೋಣ ಸಾರ್" ಅಂದಳು. ಹಾಕಿದರೆ ಹತ್ತು ಚುಕ್ಕೆ ಬರುತ್ತೆ, ನನಗೆ ಅನುಮಾನವಿಲ್ಲ.

ಆದರೆ ಆ ಚುಕ್ಕೆಗಳ ನಡುವೆ ಯಾರೋ ಒಬ್ಬರು, ಡಾಕ್ಟರೋ ಡಾಕ್ಟರಮ್ಮನೋ ಗೊತ್ತಿಲ್ಲ, ಪ್ರತಿ ಸಲವೂ ಎರಡು ಸಾಲು ಬರೆದಿದ್ದರು. ಯಾವ ಭಾಗದ ಚಿತ್ರ, ಹಿಂದಿನದಕ್ಕೆ ಹೋಲಿಸಿದರೆ ಹೇಗಿದೆ, ಯಾವುದರ ಬಗ್ಗೆ ಅನುಮಾನ ಇದೆ, ಯಾರನ್ನು ಕೇಳಿದ್ದಾರೆ, ಮತ್ತೆ ಯಾವಾಗ ತೆಗೆಯಬೇಕು. ಈಗ ನಾವು ಚೌಕದ ಮೇಲೆ ಮಸುಕು ಅಕ್ಷರದಲ್ಲಿ ನಾಲ್ಕು ಪುಟ್ಟ ಪ್ರಶ್ನೆ ಇಡುವುದು ಅಂತ ಮಾಡಿದ್ದೇವೆ. ಅವರು ಬರೆದ ಕ್ರಮವನ್ನೇ ಇಟ್ಟುಕೊಂಡಿದ್ದೇವೆ. ಮುಂದಿನ ರಿಲೀಸಿನಲ್ಲಿ ಹೋಗುತ್ತೆ. ಚುಕ್ಕೆ ಕಡಿಮೆ ಆದವಾ ಇಲ್ಲವಾ ಅಂತ ಎಣಿಸಿದ ಮೇಲೆ ಇಲ್ಲೇ ಬರೆಯುತ್ತೇನೆ.

ಅಂದ ಹಾಗೆ, ಬ್ಲಾಗ್ ಬರೆಯುವವರಲ್ಲಿ ಡಾಕ್ಟರುಗಳೂ ಕೆಲವರಿದ್ದೀರಿ. ನಿಮ್ಮ ಕಡೆ ಎಕ್ಸ್‌ರೇ ನೋಡಿದ ಮೇಲೆ ಏನು ಬರೀತೀರಿ, ನಿಜ ಹೇಳಿ. ಉಳಿದವರು ಬೀರುವಿನ ಮೇಲಿರುವ ಕವರು ಇಳಿಸಿ, ಜೊತೆಗಿರುವ ಚೀಟಿಯಲ್ಲಿ ಏನಿದೆ ಅಂತ ಒಮ್ಮೆ ನೋಡಿ ತಿಳಿಸಿ. ಎನ್.ಎ.ಡಿ. ಎಷ್ಟು ಸಿಗುತ್ತೆ ಅಂತ ನನಗೆ ಕುತೂಹಲ.